ಗಂಜಿ ಕುಡಿದ ನೂಲು

ಆ ಬೀದಿಯ ಚರಂಡಿಗೆ ಒಮ್ಮೆ ಇಣುಕಿದರೆ ಸಾಕು, ಇವತ್ತು ಯಾರ ಮನೆಯಲ್ಲಿ ಯಾವ ಬಣ್ಣ ಕುದಿಯುತ್ತಿದೆ ಎಂದು ಗೊತ್ತಾಗಿಬಿಡುತ್ತಿತ್ತು. ಬೀದಿ ತುಂಬ ನೇಕಾರರ ಮನೆಗಳು. ಒಬ್ಬರು ನೂಲಿಗೆ ಕೆಂಪು ಹಾಕಿದರೆ ಚರಂಡಿ ಕೆಂಪು, ಇನ್ನೊಬ್ಬರು ಹಸಿರು ಹಾಕಿದರೆ ಹಸಿರು. ಎದುರು ಸಾಲಿನ ದರ್ಜಿ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವನೇ ಮೊದಲು ಬಗ್ಗಿ ಚರಂಡಿ ನೋಡುತ್ತಿದ್ದ. "ಇವತ್ತು ದೊಡ್ಡಮ್ಮನ ಮನೇಲಿ ನೀಲಿ" ಎಂದು ಬಂದ ಗಿರಾಕಿಗಳಿಗೆಲ್ಲ ವರದಿ ಒಪ್ಪಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆದರೆ ಬೀದಿ ಕೊನೆಯ ಬಾವಿ ನೀರನ್ನು ಜನ ಕುಡಿಯುವುದು ಬಿಟ್ಟು ಮೂರು ವರ್ಷವಾಗಿತ್ತು. ಆ ಮಾತು ಬಂದರೆ ಮಾತ್ರ ಯಾರೂ ನಗುತ್ತಿರಲಿಲ್ಲ.

ದೊಡ್ಡಮ್ಮ ಎಂದರೆ ಇಡೀ ಬೀದಿಗೇ ದೊಡ್ಡಮ್ಮ. ವಯಸ್ಸು ಅರವತ್ತೆರಡು, ಅದರಲ್ಲಿ ನಲವತ್ತೈದು ವರ್ಷ ಮಗ್ಗದ ಮುಂದೆಯೇ ಕಳೆದಿತ್ತು. ಅವಳು ನೇಯ್ದ ಶಾಲಿನ ಅಂಚು ಅಳತೆಗೋಲು ಇಟ್ಟಷ್ಟು ನೇರ. ಕಡಿದ ಎಳೆಗೆ ಅವಳು ಗಂಟು ಹಾಕಿದರೆ ಆ ಗಂಟು ಎಲ್ಲಿದೆ ಎಂದು ಅವಳನ್ನು ಬಿಟ್ಟು ಇನ್ನೊಬ್ಬರ ಕೈಗೆ ಸಿಗುತ್ತಿರಲಿಲ್ಲ. ಇದನ್ನೆಲ್ಲ ಹೇಳಿಕೊಳ್ಳುವುದಕ್ಕೆ ಅವಳಿಗೇನೂ ಸಂಕೋಚವಿರಲಿಲ್ಲ. "ಇಂಥ ಕೈ ಇನ್ನೊಂದು ಇದ್ರೆ ಕರ್ಕೊಂಡು ಬನ್ನಿ, ಮಗ್ಗ ಬಿಟ್ಟು ಏಳ್ತೀನಿ" ಅನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಯಾರೂ ಕರೆದುಕೊಂಡು ಬಂದಿರಲಿಲ್ಲ.

ಈಗ ಆ ಕೈಗೇ ಕೇಡು ಬಂದಿತ್ತು. ಅಂಗಡಿಯಿಂದ ತಂದ ಬಣ್ಣದ ಪುಡಿಯನ್ನು ವರ್ಷಗಟ್ಟಲೆ ಬರಿಗೈಯಲ್ಲಿ ಕಲಸಿ ಕಲಸಿ ಬೆರಳಿನ ಚರ್ಮ ಸುಲಿದು, ಸಂದುಗಳಲ್ಲೆಲ್ಲ ಬಿರುಕು ಬಿಟ್ಟಿತ್ತು. ಲಾಳಿ ಹಿಡಿದರೆ ಉರಿ. ನೂಲು ಮುಟ್ಟಿದರೆ ಎಳೆ ಹೋಗಿ ಬಿರುಕಿಗೆ ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರು ಎರಡೂ ಕೈಗೆ ಮುಲಾಮು ಹಚ್ಚಿ ಬಟ್ಟೆ ಸುತ್ತಿ, "ಅಮ್ಮ, ಮತ್ತೆ ಆ ಪುಡಿ ಮುಟ್ಟಿದ್ರೆ ಇದು ನೇಯೋ ಕೈ ಆಗಿ ಉಳಿಯಲ್ಲ. ಆಮೇಲೆ ನನ್ನನ್ನ ಕೇಳ್ಬೇಡಿ" ಎಂದರು.

ಮಗ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದ. ಅಮ್ಮ ಎಂದರೆ ಅವನಿಗೆ ಪ್ರಾಣ. ಅದಕ್ಕೇ ಅವನು ಅವತ್ತೇ ಒಂದು ತೀರ್ಮಾನಕ್ಕೆ ಬಂದುಬಿಟ್ಟ. "ಸಾಕಮ್ಮ. ದುಡಿದದ್ದು ಸಾಕು. ಮಗ್ಗ ಬಿಚ್ಚಿಬಿಡೋಣ, ಬಡಗಿಗೆ ಹೇಳ್ತೀನಿ."

ದೊಡ್ಡಮ್ಮ ಮಗ್ಗದ ಕಂಬಕ್ಕೆ ಒರಗಿ ಕೂತಳು. ಮಗ್ಗ ಬಿಚ್ಚಿದ ಮೇಲೆ ಬೆಳಿಗ್ಗೆ ಎದ್ದು ತಾನು ಎಲ್ಲಿ ಹೋಗಿ ಕೂರಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಆಗ ಸೊಸೆ ಮಧ್ಯೆ ಬಾಯಿ ಹಾಕಿದಳು. "ಮೂರು ವಾರ ತಡೀರಿ. ನೇಕಾರರ ಸಂಘದ ಕಟ್ಟಡದಲ್ಲಿ ತರಬೇತಿ ಶುರುವಾಗ್ತಿದೆ. ಗಿಡ, ಬೇರು, ಸಿಪ್ಪೆಯಿಂದ ನೂಲಿಗೆ ಬಣ್ಣ ಹಾಕೋದು ಕಲಿಸ್ತಾರಂತೆ. ನಾನು ಹೆಸರು ಕೊಟ್ಟು ಬಂದಿದ್ದೀನಿ. ಅತ್ತೆ ಕೈಗೆ ಆಗಿಬರೋ ಬಣ್ಣ ನಾನು ಮಾಡಿ ತೋರಿಸ್ತೀನಿ. ಆಗದಿದ್ರೆ ಆವಾಗ ಬಿಚ್ಚಿ."

"ಮೂರೇ ವಾರ. ಆಮೇಲೆ ಬರೋ ಭಾನುವಾರ ಬಡಗಿ ಬಂದೇ ಬರ್ತಾನೆ" ಎಂದ ಮಗ.

ದೊಡ್ಡಮ್ಮನಿಗೆ ಮಾತ್ರ ಆ ತರಬೇತಿಯ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. ಕಲಿಸಲು ಬಂದವರು ಮೂವತ್ತು ದಾಟದ ಹೆಂಗಸು. ಬೀದಿಯವರು ಅವರಿಗೆ ಬಣ್ಣದ ಮೇಡಂ ಎಂದು ಹೆಸರಿಟ್ಟಿದ್ದರು.

"ಏನೇ, ನಿನ್ನ ಮೇಡಂ ಇವತ್ತು ಏನು ಕಲಿಸಿದ್ಳು?" ಎಂದು ದೊಡ್ಡಮ್ಮ ದಿನಾ ಸಂಜೆ ಕೆಣಕುತ್ತಿದ್ದಳು.

"ದಾಳಿಂಬೆ ಸಿಪ್ಪೆ ಬೇಯಿಸೋದು ಅತ್ತೆ."

"ಓಹೋ. ನೂಲಿಗೂ ಅಡುಗೆ ಮಾಡಿ ಬಡಿಸ್ಬೇಕು ಅನ್ನು. ಉಪ್ಪು ಖಾರ ಹಾಕಿದ್ರಾ?"

"ಪಟಿಕ ಹಾಕಿದ್ವಿ. ಕ್ಷೌರದಂಗಡೀಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಬಿಳಿ ಕಲ್ಲು. ಅದು ಇದ್ರೇನೇ ಬಣ್ಣ ನೂಲನ್ನ ಗಟ್ಟಿಯಾಗಿ ಹಿಡ್ಕೊಳ್ಳೋದು."

"ಎರಡು ಒಗೆತಕ್ಕೆ ಬಿಟ್ಟು ಓಡಿಹೋಗುತ್ತೆ, ನೋಡ್ತಿರು" ಎಂದು ದೊಡ್ಡಮ್ಮ ಮೂಗು ಮುರಿಯುತ್ತಿದ್ದಳು. ಬಾಗಿಲಲ್ಲಿ ನಿಂತ ದರ್ಜಿಯೂ ತನ್ನದೊಂದು ಸೇರಿಸುತ್ತಿದ್ದ. "ನನ್ನ ಗಿರಾಕಿಗಳು ಸಿಪ್ಪೆ ಬಣ್ಣದ ಅಂಗಿ ಹಾಕ್ಕೊಂಡ್ರೆ ಸಂತೇಲಿ ಮೇಕೆ ಅಟ್ಟಿಸ್ಕೊಂಡು ಬರುತ್ತೆ ದೊಡ್ಡಮ್ಮ."

ಸೊಸೆ ನಕ್ಕುಬಿಡುತ್ತಿದ್ದಳು. ಅತ್ತೆಯ ಕೈಗೆ ಮುಲಾಮು ಹಚ್ಚಿ ಹೊಸ ಬಟ್ಟೆ ಸುತ್ತುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಮೂರನೇ ವಾರ ಬಂತು. ಶುಕ್ರವಾರ ಎಲ್ಲರೆದುರು ಒಬ್ಬೊಬ್ಬರೂ ನಾಲ್ಕು ಲಡಿ, ಅಂದರೆ ನಾಲ್ಕು ಸುರುಳಿ ಕಟ್ಟು, ನೂಲಿಗೆ ತಾವೇ ಬಣ್ಣ ಹಾಕಿ ತೋರಿಸಬೇಕಿತ್ತು. ಬುಧವಾರವೇ ಸೊಸೆ ನೂಲನ್ನು ಬಟ್ಟೆ ಒಗೆಯುವ ಸೋಡಾ ಹಾಕಿದ ನೀರಲ್ಲಿ ಒಂದು ಗಂಟೆ ಕುದಿಸಿ, ಜಿಡ್ಡು ತೆಗೆದು, ಮೂರು ನೀರಲ್ಲಿ ಜಾಲಿಸಿ ಹಿತ್ತಲ ತಂತಿಗೆ ಹಾಕಿದ್ದಳು. ಗುರುವಾರ ಮಧ್ಯಾಹ್ನ ಅವಳು ತರಬೇತಿಗೆ ಹೋದ ಮೇಲೆ ದೊಡ್ಡಮ್ಮ ಹಿತ್ತಲಿಗೆ ಬಂದಳು. ನಾಲ್ಕು ಲಡಿ ಬೋಳುಬೋಳಾಗಿ ನೇತಾಡುತ್ತಿದ್ದವು. ಎಳೆಗಳೆಲ್ಲ ಕೆದರಿ, ಎಣ್ಣೆ ಕಾಣದ ತಲೆಕೂದಲಿನ ಹಾಗೆ ಕಂಡವು.

ಈಗ ಒಂದು ವಿಷಯ ಹೇಳಬೇಕು. ತೊಳೆದ ನೂಲು ತಂತಿಯ ಮೇಲೆ ಒಣಗಿದ್ದು ಕಂಡರೆ ಗಂಜಿ ತಿಕ್ಕುವುದು ದೊಡ್ಡಮ್ಮ ಹದಿನೇಳನೇ ವಯಸ್ಸಿಂದ ಮಾಡಿಕೊಂಡು ಬಂದ ಕೆಲಸ. ಗಂಜಿ ಕುಡಿದ ಎಳೆ ಬಿಗಿಯಾಗುತ್ತದೆ, ಮಗ್ಗದಲ್ಲಿ ಕಡಿಯುವುದಿಲ್ಲ. ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ, ಕೈ ತಾನೇ ಮಾಡುತ್ತಿತ್ತು. 'ಪಾಪ, ಹುಡುಗಿ ಮರೆತಿದ್ದಾಳೆ' ಅಂದುಕೊಂಡಳು ದೊಡ್ಡಮ್ಮ. ಎಷ್ಟು ಬೈದರೂ ಸೊಸೆ ನಾಲ್ಕು ಜನರೆದುರು ನಗೆಪಾಟಲಾಗುವುದು ಅವಳಿಗೆ ಬೇಕಿರಲಿಲ್ಲ. ತೆಳ್ಳಗೆ ಗಂಜಿ ಕಾಯಿಸಿ, ಬಟ್ಟೆ ಸುತ್ತಿದ ಕೈಯಲ್ಲೇ ಕುಂಚ ಹಿಡಿದು ನಾಲ್ಕೂ ಲಡಿಗೆ ನೀಟಾಗಿ ಬಳಿದಳು. ತನ್ನ ಕೆಲಸ ನೋಡಿ ತಾನೇ ಮೆಚ್ಚಿಕೊಂಡಳು.

ಶುಕ್ರವಾರ ಬೆಳಿಗ್ಗೆ ಆತುರದಲ್ಲಿ ಲಡಿ ಎತ್ತಿಕೊಂಡ ಸೊಸೆಗೆ ನೂಲು ಸ್ವಲ್ಪ ಬಿರುಸು ಅನ್ನಿಸಿತು. ಸೋಡಾ ನೀರಿಗೆ ಹೀಗಾಗಿರಬೇಕು ಅಂದುಕೊಂಡಳು. ಗಂಡನ ಗಾಡಿಯಲ್ಲೇ ಎಲ್ಲರೂ ಸಂಘದ ಕಟ್ಟಡಕ್ಕೆ ಹೋದರು. ದರ್ಜಿ ಅಂಗಡಿಗೆ ಬೀಗ ಹಾಕಿ ಹಿಂದಿನಿಂದ ಬಂದ. ತಮಾಷೆ ನೋಡದೆ ಇರುವುದು ಅವನ ಜಾಯಮಾನದಲ್ಲೇ ಇಲ್ಲ.

ಒಲೆಗಳು ಹತ್ತಿದವು. ಸಿಪ್ಪೆ ಬೆಂದ ನೀರು ಸೋಸಿದ್ದಾಯಿತು, ಪಟಿಕದ ನೀರಲ್ಲಿ ನೆನೆಸಿದ್ದಾಯಿತು, ಬಣ್ಣದ ನೀರಲ್ಲಿ ಅದ್ದಿ ತಿರುವಿದ್ದಾಯಿತು. ಬೇರೆಯವರ ಲಡಿಗಳು ಒಂದೇ ಸಮನೆ ಹಳದಿಯಾಗಿ ಮೇಲೆ ಬಂದವು. ಸೊಸೆಯ ನೂಲು ಮಾತ್ರ ಒಂದು ಕಡೆ ಹಳದಿ, ಒಂದು ಕಡೆ ಪೇಲವ, ನಡುನಡುವೆ ಬಿಳಿ ಮಚ್ಚೆ.

ಯಾರೋ ಹಿಂದಿನಿಂದ ಕಿಸಕ್ಕೆಂದರು. "ದೊಡ್ಡಮ್ಮ ಮೊದಲೇ ಹೇಳಿದ್ರು ಬಿಡಿ" ಎಂದ ದರ್ಜಿ.

"ನೋಡಿದ್ದಾಯ್ತಲ್ಲ" ಎಂದು ಮಗ ಮೆಲ್ಲಗೆ ಹೇಳಿದ. "ಭಾನುವಾರ ಬಡಗಿ ಬರ್ತಾನೆ."

ಸೊಸೆ ಲಡಿಯನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತ, ತಾನು ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದಳು.

ನೂಲು ಯಾಕೆ ಹಾಗಾಯಿತು ಎಂದು ಆ ಕೋಣೆಯಲ್ಲಿ ದೊಡ್ಡಮ್ಮನೊಬ್ಬಳಿಗೇ ಗೊತ್ತು. ಗಂಜಿ ಬಿಡದೆ ಉಳಿದ ಕಡೆ ಬಣ್ಣ ಒಳಗೆ ಇಳಿದಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ದೊಡ್ಡಮ್ಮ ಹೇಳಿದ್ದೇ ನಿಜವಾಯಿತು ಎಂದು ಬೀದಿಯಲ್ಲಿ ವರ್ಷಗಟ್ಟಲೆ ಮಾತಾಗುತ್ತಿತ್ತು. ಆದರೆ ನಲವತ್ತೈದು ವರ್ಷ ಅನ್ನ ಹಾಕಿದ ನೂಲಿನ ಮೇಲೆ, ದಿನಾ ತನ್ನ ಕೈಗೆ ಮುಲಾಮು ಹಚ್ಚಿದ ಹುಡುಗಿಯ ಮೇಲೆ ತಪ್ಪು ಹೊರಿಸಿ ಮನೆಗೆ ಹೋಗುವುದು ಹೇಗೆ?

ಅವಳು ಎದ್ದು ನಿಂತಳು.

"ತಪ್ಪು ಅವಳದ್ದಲ್ಲ, ಬಣ್ಣದ್ದೂ ಅಲ್ಲ. ನಿನ್ನೆ ಆ ನೂಲಿಗೆ ನಾನು ಗಂಜಿ ಹಾಕ್ದೆ. ಹೇಳ್ದೆ ಕೇಳ್ದೆ ಹಾಕ್ದೆ. ನನಗೆಲ್ಲ ಗೊತ್ತು ಅನ್ನೋ ಜಂಬ ನನ್ನದು."

ಮೇಡಂ ಬೈಯಬಹುದೆಂದು ದೊಡ್ಡಮ್ಮ ತಲೆ ತಗ್ಗಿಸಿದಳು. ಮೇಡಂ ಹತ್ತಿರ ಬಂದು ಲಡಿ ಮುಟ್ಟಿ ನೋಡಿ ನಕ್ಕರು.

"ದೊಡ್ಡಮ್ಮ, ನಾನು ಹೋದ ಕಡೆಯೆಲ್ಲ ಯಾರಾದ್ರೂ ಒಬ್ರು ಹೀಗೆ ಮಾಡ್ತಾರೆ. ಅವರು ಯಾವಾಗ್ಲೂ ಆ ಊರಿನ ಒಳ್ಳೇ ನೇಕಾರರೇ ಆಗಿರ್ತಾರೆ. ಕೆಲಸ ಬರದವರಿಗೆ ಈ ತಪ್ಪು ಮಾಡೋಕೂ ಬರಲ್ಲ. ಗಂಜಿ ಬೇಕೇ ಬೇಕು, ಆದ್ರೆ ಬಣ್ಣ ಹಾಕಿ ಒಣಗಿಸಿದ ಮೇಲೆ."

"ಈ ನೂಲು ಹಾಳಾಯ್ತಾ?"

"ಹಾಳಾಗಿಲ್ಲ. ಬಿಸಿನೀರಲ್ಲಿ ನಾಳೆವರೆಗೆ ನೆನೆಸೋಣ. ಗಂಜಿ ಪೂರ್ತಿ ಬಿಡಿಸಿ, ಮೊದಲಿಂದ ಶುರು ಮಾಡೋಣ. ಆದ್ರೆ ಗಂಜಿ ಪೂರ್ತಿ ಹೋಯ್ತೋ ಇಲ್ವೋ ಅಂತ ಖಚಿತವಾಗಿ ಹೇಳೋರು ಬೇಕು. ಇಲ್ಲಿ ನಿಮ್ಮಷ್ಟು ಗಂಜಿ ಗೊತ್ತಿರೋರು ಯಾರಿದ್ದಾರೆ?"

ಮಾರನೆಯ ದಿನ ಕರೆಯುವ ಮೊದಲೇ ದೊಡ್ಡಮ್ಮ ಕಟ್ಟಡದಲ್ಲಿದ್ದಳು. ಬೆರಳಿಗೆ ಬಟ್ಟೆ ಸುತ್ತಿದ್ದರಿಂದ ಒದ್ದೆ ಲಡಿಯನ್ನು ಕೆನ್ನೆಗೆ ಒತ್ತಿ ಕಣ್ಣು ಮುಚ್ಚಿದಳು. "ಇನ್ನೂ ಇದೆ. ಇನ್ನೊಂದು ನೀರು." ಮತ್ತೆ ಒತ್ತಿ ನೋಡಿದಳು. "ಇನ್ನೊಂದು." ನಾಲ್ಕನೇ ನೀರಿಗೆ, "ಈಗ ಬಿಟ್ಟಿತು" ಎಂದಳು. ತರಬೇತಿಗೆ ಬಂದ ಹೆಂಗಸರೆಲ್ಲ ಸಾಲಾಗಿ ನಿಂತು ಆ ನೂಲನ್ನು ತಮ್ಮ ತಮ್ಮ ಕೆನ್ನೆಗೆ ಒತ್ತಿ ಕಲಿತರು. ಮೇಡಂ ಕೂಡ ಕಲಿತರು.

ಅಂದು ಸಂಜೆ ನಾಲ್ಕು ಲಡಿಯೂ ಒಂದು ಮಚ್ಚೆಯಿಲ್ಲದೆ ಹಳದಿಯಾದವು. ಮಗ ಬಾಗಿಲ ಹತ್ತಿರ ನಿಂತು ನೋಡಿದ. ಬಡಗಿಯ ಮಾತು ಎತ್ತಲಿಲ್ಲ.

ಬೇಡವೆಂದು ಯಾರೂ ಹೇಳದ್ದರಿಂದ ಭಾನುವಾರ ಬಡಗಿ ಬಂದೇ ಬಿಟ್ಟ. "ಬಂದೋನು ಸುಮ್ನೆ ಯಾಕೆ ಹೋಗ್ತೀಯ? ಕಾಲಲ್ಲಿ ತುಳಿಯೋ ಹಲಗೆ ಅಲ್ಲಾಡ್ತಿದೆ, ಬಿಗಿ ಮಾಡು" ಎಂದಳು ದೊಡ್ಡಮ್ಮ. ಅವನು ಹಳೆಯ ತುಕ್ಕು ಮೊಳೆಗಳನ್ನು ಕಿತ್ತು ಹೊಸದು ಹೊಡೆದ. ಕಿತ್ತ ಮೊಳೆಗಳನ್ನು ಸೊಸೆ ಎಸೆಯಲು ಬಿಡಲಿಲ್ಲ. ಅವು ತೀರಿಹೋದ ಮಾವ, ಅಂದರೆ ದೊಡ್ಡಮ್ಮನ ಗಂಡ, ಮಗ್ಗ ಕಟ್ಟಿದಾಗ ತಾವೇ ಹೊಡೆದ ಮೊಳೆಗಳು. ಮೇಡಂ ಕಲಿಸಿದ ಹಾಗೆ ಅವನ್ನು ಬೆಲ್ಲದ ನೀರಲ್ಲಿ ಎರಡು ವಾರ ಹಾಕಿಟ್ಟಳು. ಆ ಕಬ್ಬಿಣದ ನೀರಲ್ಲಿ ಅದ್ದಿದ ಹಳದಿ ನೂಲು ನೋಡುನೋಡುತ್ತಲೇ ಮಳೆಮೋಡದಂಥ ಕಪ್ಪುಬೂದಿಯಾಯಿತು. ದೊಡ್ಡಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ಅವರ ಮೊಳೇಲಿ ಇಷ್ಟು ಬಣ್ಣ ಇತ್ತು ಅಂತ ಅವರಿಗೂ ಗೊತ್ತಿರಲಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು.

ಹಾಗಂತ ಅನುಮಾನ ಪೂರ್ತಿ ಬಿಟ್ಟವಳಲ್ಲ. ಬಣ್ಣ ಹಾಕಿದ ನೂಲಿನ ತುಂಡೊಂದನ್ನು ಸೋಪು ಹಾಕಿ ಏಳು ಸಲ ಒಗೆಸಿ ದರ್ಜಿ ಅಂಗಡಿಯ ಮಾಡಿನ ಮೇಲೆ ಹದಿನೈದು ದಿನ ಬಿಸಿಲಿಗೆ ಹಾಕಿದಳು. ಮೊದಲ ಒಗೆತಕ್ಕೆ ಚೂರು ಬಣ್ಣ ಬಿಟ್ಟಿತು, ಆಮೇಲೆ ಹಿಡಿದದ್ದು ಬಿಡಲಿಲ್ಲ.

ಎರಡು ತಿಂಗಳಿಗೆ ಬೆರಳಿನ ಬಿರುಕು ಕೂಡಿಕೊಂಡಿತು. ಡಾಕ್ಟರು ಕೈ ತಿರುಗಿಸಿ ನೋಡಿ, "ಇನ್ನು ನೇಯಬಹುದು" ಎಂದರು. ದೊಡ್ಡಮ್ಮ ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಸೀದಾ ಮಗ್ಗಕ್ಕೆ ಇಳಿದಳು. ಹಳದಿ ಮೈ, ಕಪ್ಪುಬೂದಿ ಅಂಚು, ಒಂದು ಎಳೆ ಆಚೆ ಈಚೆ ಇಲ್ಲದ ಶಾಲು. ಸಂಘದ ಮಳಿಗೆಯಲ್ಲಿ ಅದನ್ನು ಎಲ್ಲಕ್ಕಿಂತ ಮುಂದೆ ತೂಗುಹಾಕಿದರು. "ಇದು ಯಾರು ನೇಯ್ದಿದ್ದು?" ಎಂದು ಬಂದವರು ಕೇಳಿದರೆ, ಹಿಂದಿನ ಬೆಂಚಿನಿಂದ ದೊಡ್ಡಮ್ಮ ಹೇಳುತ್ತಿದ್ದಳು: "ಬಣ್ಣ ನನ್ನ ಸೊಸೇದು. ನೇಯ್ಗೆ ನಂದು." ಹೇಳುವಾಗ ಅವಳ ಮುಖ ಇಷ್ಟಗಲ ಆಗುತ್ತಿತ್ತು.

ಅಷ್ಟರಲ್ಲಿ ಬೀದಿಯ ಬೇರೆ ಮನೆಗಳವರೂ ಪುಡಿ ಬಿಟ್ಟು, ಸಿಪ್ಪೆ ನೀರಿನ ಬಣ್ಣವೆಲ್ಲ ನೂಲು ಹೀರುವವರೆಗೆ ಬಳಸಿ ಆಮೇಲೆ ಚೆಲ್ಲುತ್ತಿದ್ದರು. ಒಂದು ಬೆಳಿಗ್ಗೆ ದರ್ಜಿ ಅಂಗಡಿ ತೆಗೆದು, ಬಗ್ಗಿ ಚರಂಡಿ ನೋಡಿದ. ಇನ್ನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬೀದಿ ದಾಟಿ ಬಂದು ಬಾಗಿಲು ಬಡಿದ. "ದೊಡ್ಡಮ್ಮ, ಇವತ್ತು ಯಾವ ಬಣ್ಣ? ಚರಂಡಿ ನೋಡಿದ್ರೆ ಗೊತ್ತಾಗ್ತಿಲ್ಲ."

"ಗೊತ್ತಾಗಬಾರದು ಅಂತಾನೇ ಇಷ್ಟೆಲ್ಲ ಕಲಿತಿದ್ದು ಕಣೋ. ಒಳಗೆ ಬಂದು ಮಗ್ಗದ ಮೇಲೆ ನೋಡು" ಎಂದಳು ದೊಡ್ಡಮ್ಮ.

ನೇಕಾರ ಅಕ್ಕ ಅಣ್ಣಂದಿರೇ, ನಿಮ್ಮ ಕೈಗೆ ಕೆಲಸ ಕಲಿಸಲು ಯಾರೂ ಬರಬೇಕಿಲ್ಲ, ಅದು ನಿಮಗೆ ಬರುತ್ತದೆ. ಆ ಕೈಯನ್ನು ಉಳಿಸಿಕೊಳ್ಳುವುದನ್ನು ಕಲಿಯಿರಿ. ಹತ್ತಿರದಲ್ಲಿ ನೈಸರ್ಗಿಕ ಬಣ್ಣದ ತರಬೇತಿ ಇದ್ದರೆ ಅತ್ತೆ ಸೊಸೆ ಇಬ್ಬರೂ ಹೆಸರು ಕೊಡಿ. ನೂಲನ್ನು ಮೊದಲು ಚೆನ್ನಾಗಿ ಕುದಿಸಿ ತೊಳೆಯಿರಿ. ಗಂಜಿ ಏನಿದ್ದರೂ ಬಣ್ಣದ ನಂತರ. ಪಟಿಕ ಬೇಕಾಬಿಟ್ಟಿ ಸುರಿಯಬೇಡಿ, ಒಂದು ಕಿಲೋ ಒಣ ನೂಲಿಗೆ ನೂರೈವತ್ತು ಗ್ರಾಂ ಸಾಕು. ಬಣ್ಣದ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ. ಸಿಪ್ಪೆಯ ಬಣ್ಣವೇ ಆದರೂ ಕೈಗವಸು ಹಾಕಿಕೊಳ್ಳಿ, ಗಾಳಿಯಾಡುವ ಕಡೆ ಒಲೆ ಹೂಡಿ.

ಅದಕ್ಕೂ ಮೊದಲು ನಾಳೆ ಬೆಳಿಗ್ಗೆ ಬಾಗಿಲು ತೆಗೆದಾಗ ಒಮ್ಮೆ ಬಗ್ಗಿ, ನಿಮ್ಮ ಬೀದಿಯ ಚರಂಡಿ ಯಾವ ಬಣ್ಣಕ್ಕಿದೆ ಎಂದು ನೋಡಿ. ಆಮೇಲೆ ನಿಮ್ಮ ಕೈ ನೋಡಿಕೊಳ್ಳಿ.