ಸಾವಿರದ ಎಂಬತ್ತು ಕಿಲೋಮೀಟರ್ ಹೊಟ್ಟೆಕಿಚ್ಚು

ನಾನು ಒಂದು ಪಂದ್ಯದ ಪಾರಿವಾಳ. ಬೆಲ್ಜಿಯಂನ ಗೆಂಟ್ ನಗರದಲ್ಲಿ, ಓಡಿಲ್ ಎಂಬ ನಿವೃತ್ತ ಟ್ರಾಮ್ ಚಾಲಕನ ಅಟ್ಟದ ಗೂಡಿನಲ್ಲಿ ಮೊಟ್ಟೆಯೊಡೆದು ಬಂದೆ. ಏಳನೆಯ ದಿನ ಕಾಲಿಗೆ ಉಂಗುರ ತೊಡಿಸಿದರು. ಜೊತೆಗೆ ಹುಟ್ಟಿದ ತಂಗಿಗೂ ತೊಡಿಸಿದರು. ಮೊದಲ ಹಾರಾಟದಲ್ಲಿ ಅವಳು ನಲವತ್ತು ನಿಮಿಷ ತಡವಾಗಿ ಬಂದಳು. ಆ ಭಾನುವಾರ ಓಡಿಲ್‌ನ ಹೆಂಡತಿ ಗೊಡೆಲೀವ್ ಸೂಪ್ ಮಾಡಿದಳು. ಗೂಡಿನಲ್ಲಿ ತಂಗಿ ಇರಲಿಲ್ಲ.

ನಮ್ಮ ದೊಡ್ಡ ಪಂದ್ಯವೆಂದರೆ ಬಾರ್ಸಿಲೋನಾ. ಲಾರಿಯಲ್ಲಿ ಅಲ್ಲಿಗೆ ಒಯ್ದು ಬುಟ್ಟಿ ತೆರೆಯುತ್ತಾರೆ. ಮನೆಗೆ ನಾವೇ ಹಾರಿ ಬರಬೇಕು. ನೇರ ದಾರಿ ಸುಮಾರು ಸಾವಿರದ ಎಂಬತ್ತು ಕಿಲೋಮೀಟರ್. ಮೊದಲ ಸಲ ನಾನು ಮುಟ್ಟುವಾಗ ಎರಡನೆಯ ದಿನದ ಸಂಜೆ. ಆದರೂ ಖುಷಿಯಿತ್ತು, ಗೂಡಿನಲ್ಲಿ ನನ್ನವಳು ಕಾದಿದ್ದಳು.

"ನಮ್ಮಕ್ಕ ಅಲ್ಲಿಂದ ವಿಮಾನದಲ್ಲಿ ಎರಡು ಗಂಟೇಲಿ ಬಂದ್ಲು. ನಿನ್ನ ಹಕ್ಕಿಗೆ ಎರಡು ದಿನ ಬೇಕಾಯ್ತು" ಎಂದಳು ಗೊಡೆಲೀವ್.

"ವಿಮಾನಕ್ಕೆ ಎಣ್ಣೆ ಹಾಕಿರ್ತಾರೆ. ನಾನಿನ್ನೂ ಹಾಕಿಲ್ಲ" ಎಂದ ಓಡಿಲ್.

ಮುಂದಿನ ವರ್ಷ ಹಾಕಿದ. ಪಾರಿವಾಳ ಸಾಕುವವರ ಹಳೆಯ ಉಪಾಯ ಅದು. ಲಾರಿಗೆ ಹೊರಡುವ ಮುನ್ನ ನನ್ನನ್ನು ತಂತಿಯ ಆಚೆ ಇಟ್ಟು, ನನ್ನವಳ ಪಕ್ಕಕ್ಕೆ ಬೇರೆ ಗಂಡನ್ನು ಬಿಟ್ಟ. ಅದು ಕೊರಳುಬ್ಬಿಸಿ ಗುಟುರು ಹಾಕಿತು. ನನ್ನವಳು ತಲೆ ಬಾಗಿಸಿದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

"ಚೆನ್ನಾಗಿ ನೋಡ್ಕೋ. ಐದು ನಿಮಿಷ ಸಾಕು" ಎಂದು ಓಡಿಲ್ ನನ್ನನ್ನು ಬುಟ್ಟಿಗೆ ಹಾಕಿದ.

ದಾರಿಯ ಅಪಾಯದ ಬೆಟ್ಟಗಳನ್ನು ನಾನು ನೋಡಲೇ ಇಲ್ಲ. ನೀರು ಕುಡಿದ ನೆನಪೂ ಇಲ್ಲ. ಎರಡನೆಯ ದಿನ, ಬೆಳಗಿನ ಕಾಫಿಯ ಹೊತ್ತಿಗೇ ಗೆಂಟ್‌ನಲ್ಲಿದ್ದೆ. ಎಲ್ಲರಿಗಿಂತ ಮೊದಲು.

ಆದರೆ ನಾನು ಹೋದ ಕೂಡಲೇ ಆ ಗಂಡನ್ನು ತೆಗೆಯಬೇಕಿತ್ತು. ಓಡಿಲ್ ಕ್ಲಬ್ಬಿನಲ್ಲಿ ಜಂಬ ಕೊಚ್ಚುತ್ತ ಮರೆತಿದ್ದ. ಐದಾರು ದಿನದಲ್ಲಿ ಅದು ಮನೆಯ ಯಜಮಾನನಾಗಿತ್ತು. ಬಾಗಿಲಲ್ಲೇ ಅಡ್ಡ ನಿಂತಿತು. ಒಳಗಿನ ಹಲಗೆ ತುಳಿದರಷ್ಟೇ ಯಂತ್ರ ಕಾಲಿನ ಉಂಗುರವನ್ನು ಗುರುತಿಸಿ ಬಂದ ಸಮಯ ಬರೆದುಕೊಳ್ಳುವುದು. ಹತ್ತೊಂಬತ್ತು ನಿಮಿಷ ಕಾದಾಡಿದೆವು. ಒಳಗೆ ಬಿದ್ದಾಗ ನನ್ನ ಬಲಗಣ್ಣು ಹೋಗಿತ್ತು, ಪಂದ್ಯವೂ ಹೋಗಿತ್ತು. ಓಡಿಲ್ ಸಿಟ್ಟಿನಲ್ಲಿ ಆ ಗಂಡಿನ ಕತ್ತು ಮುರಿದ.

ಹಾಗೆ ಒಂದು ಕೆಲಸ ಖಾಲಿಯಾಯಿತು. ನನ್ನವಳನ್ನು ಬೇರೊಬ್ಬನಿಗೆ ಕೊಟ್ಟರು. ಒಂಟಿಗಣ್ಣಿನ ನಾನು ಈಗ ಇತರರ ಗೂಡಿನಲ್ಲಿ ಐದು ನಿಮಿಷ ಕೂರುವವನು.

ಈ ವರ್ಷ ಬಾರ್ಸಿಲೋನಾಕ್ಕೆ ಹೊರಟವನು ನನ್ನ ಮಗ. ನನ್ನನ್ನು ಅವನ ಹೆಂಡತಿಯ ಪಕ್ಕಕ್ಕೆ ಬಿಟ್ಟರು. ತಂತಿಯ ಆಚೆಯಿಂದ ಅವನು ನೋಡುತ್ತಿದ್ದ. ನನಗೆ ನಾಚಿಕೆಯಾಗಿ ಸುಮ್ಮನೆ ಕುಳಿತೆ.

"ಮುದುಕ ಸಪ್ಪೆಯಾದ" ಎಂದ ಓಡಿಲ್. "ಗೊಡೆಲೀವ್, ಭಾನುವಾರ ಅಡುಗೆಗೆ ಏನ್ ಮಾಡ್ತಿದ್ದೀಯ?"

ನಾನು ಕೊರಳುಬ್ಬಿಸಿದೆ. ಸೊಸೆಯ ಸುತ್ತ ತಿರುಗಿ, ಇದ್ದ ಉಸಿರೆಲ್ಲ ಸೇರಿಸಿ ಗುಟುರು ಹಾಕಿದೆ. ಮಗ ತಂತಿಗೆ ಎದೆ ಬಡಿದುಕೊಳ್ಳತೊಡಗಿದ. ಅವನು ನನಗಿಂತ ಬೇಗ ಬರುತ್ತಾನೆ.