ಮೂರನೇ ಮಹಡಿಯ ಟಗರು

ಉಗ್ರಪ್ಪ ಬಾಯಿ ಬಿಟ್ಟರೆ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದ ಹಾಗೆ. ಅವನು ಕಂಡಕ್ಟರ್ ಆಗಿದ್ದ ಕಾಲದಲ್ಲಿ ಹಿರಿಯೂರಿನಲ್ಲಿ ಬಸ್ಸು ಹತ್ತಿಸಿದ ಒಂದು ಸುಳ್ಳು ಹೊಸದುರ್ಗ ಮುಟ್ಟಿ, ಅಲ್ಲಿಂದ ಹೊಳಲ್ಕೆರೆಗೆ ಬಸ್ಸು ಬದಲಾಯಿಸಿ, ಸಂಜೆ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೇ ಎದುರಾಗುತ್ತಿತ್ತು. ಅಷ್ಟರಲ್ಲಿ ಅದಕ್ಕೆ ಮೀಸೆ ಬಂದು, ಮದುವೆಯಾಗಿ, ಎರಡು ಮಕ್ಕಳೂ ಹುಟ್ಟಿರುತ್ತಿದ್ದವು. ಇಂಥ ಸುಳ್ಳುಗಳನ್ನೆಲ್ಲ ಸಾಕಿ ಬೆಳೆಸಿದವನನ್ನು ಕೊನೆಗೆ ಹಿಡಿದು ಕಟ್ಟಿ ಹಾಕಿದ್ದು ಮಾತ್ರ ಒಂದೇ ಅಕ್ಷರದ ಸುಳ್ಳು.

ರಿಟೈರ್ ಆದ ಮೇಲೆ ಜೋಗಿಮಟ್ಟಿ ರಸ್ತೆಯ ಹೊಸ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಮನೆ ನೋಡಲು ಹೋದಾಗ, ಅಲ್ಲಿನ ಸಂಘದ ಅಧ್ಯಕ್ಷ ಮುರುಗಪ್ಪ ಅವನನ್ನು ಕೂರಿಸಿಕೊಂಡು ಕೇಳಿದರು: “ನೀವು ವೆಜ್ಜಾ?”

“ಹೂಂ,” ಎಂದ ಉಗ್ರಪ್ಪ.

ಅಲ್ಲಿಗೆ ಬಿಟ್ಟಿದ್ದರೂ ಬದುಕಿಕೊಳ್ಳುತ್ತಿದ್ದ. ಆದರೆ ಒಂದು ಅಕ್ಷರಕ್ಕೆ ಬಾಯಿ ಮುಚ್ಚುವುದು ಅವನ ಜಾತಕದಲ್ಲೇ ಇರಲಿಲ್ಲ. “ನಮ್ಮ ವಂಶದಾಗೆ ಮೊಟ್ಟೆ ಅನ್ನೋ ಪದಾನೇ ಬಳಸಲ್ಲ ಸಾರ್. ನಮ್ಮ ಮನೆ ಬೆಕ್ಕು ಇಲಿ ಕಂಡ್ರೆ ನಾಚ್ಕಂಡು ಮಕ ತಿರುಗುಸ್ತಿತ್ತು,” ಎಂದು ಬಿಟ್ಟ. ಯಲ್ಲದಕೆರೆಯಲ್ಲಿ ಕುರಿಹಟ್ಟಿಯ ಮಧ್ಯೆ ಹುಟ್ಟಿ, ಹಲ್ಲು ಬರುವ ಮೊದಲೇ ಮೂಳೆ ಚೀಪಿದವನ ಮಾತು ಇದು. ಮುರುಗಪ್ಪನವರ ಕಣ್ಣು ತುಂಬಿ ಬಂತು. ಬೀಗದ ಕೈ ಸಿಕ್ಕಿತು.

ಅಂದಿನಿಂದ ಉಗ್ರಪ್ಪನ ಹೆಂಡತಿ ಯಲ್ಲಕ್ಕನ ಮಸಾಲೆ ರುಬ್ಬುವ ಕೈ ಜಡ್ಡು ಹಿಡಿಯಿತು. ಬಾಯಿ ಚಪಲ ತಡೆಯದಾದಾಗ ಗಂಡ ಹೆಂಡಿರು ಹಳೇ ಓಣಿಗೆ, ಗೆಳೆಯ ಜಬೀವುಲ್ಲನ ಮನೆಗೆ ಹೋಗಿ ಉಂಡು ಬರುತ್ತಿದ್ದರು. ವಾಪಸು ಬರುವಾಗ ಕೈಗೆ ನಿಂಬೆಹಣ್ಣು, ಬಾಯಿಗೆ ಒಂದು ಹಿಡಿ ಸೋಂಪು, ಸೀರೆ ಪಂಚೆಗಳಿಗೆ ಊದಿನಕಡ್ಡಿಯ ಹೊಗೆ. ಅವರು ಲಿಫ್ಟ್ ಹತ್ತಿದರೆ ದೇವಸ್ಥಾನವೇ ಮೇಲೇರಿದ ಹಾಗೆ ಘಮಘಮ. ಇದರಿಂದ ಅವರ ಮೇಲಿನ ಗೌರವ ಇನ್ನೂ ಹೆಚ್ಚಿತು. ಎರಡನೇ ಮಹಡಿಗೆ ಬಾಡಿಗೆಗೆ ಬಂದಿದ್ದ ಹೊಳಲ್ಕೆರೆಯ ಹುಡುಗ ಹುಡುಗಿ ಒಂದು ಭಾನುವಾರ ಆಮ್ಲೆಟ್ ಹಾಕಿದರೆಂದು ಅನುಮಾನ ಬಂದಾಗ, ಬಾಗಿಲ ಬಳಿ ನಿಲ್ಲಿಸಿ ವಾಸನೆ ನೋಡಿಸಲು ಮುರುಗಪ್ಪ ಕರೆದದ್ದು ಉಗ್ರಪ್ಪನನ್ನೇ. ಅವನ ಮೂಗಿಗೆ ಅದು ನಾಟಿ ಕೋಳಿಯ ಮೊಟ್ಟೆ, ಹಸಿಮೆಣಸಿನಕಾಯಿ ಸ್ವಲ್ಪ ಜಾಸ್ತಿ ಆಗಿದೆ ಎನ್ನುವುದೂ ಗೊತ್ತಾಯಿತು. ಬಾಯಲ್ಲಿ ನೀರು ತುಂಬಿದ್ದರಿಂದ ಮಾತಾಡಲಾಗದೆ ಹೌದೆಂದು ತಲೆ ಆಡಿಸಿದ. ಆ ಜೋಡಿ ತಿಂಗಳೊಳಗೆ ಮನೆ ಖಾಲಿ ಮಾಡಿತು. ಅವರ ಸಾಮಾನಿನ ಆಟೋ ಹೋಗುವುದನ್ನು ಉಗ್ರಪ್ಪ ಬಾಲ್ಕನಿಯಿಂದ ನೋಡಿದ. ಆ ಒಂದು ದಿನ ಅವನು ಯಾರಿಗೂ ಏನೂ ಹೇಳಲಿಲ್ಲ ಎಂದರೆ ದುರ್ಗದಲ್ಲಿ ಇವತ್ತಿಗೂ ನಂಬುವವರಿಲ್ಲ.

ಜಬೀವುಲ್ಲಾ ಪೇಟೆಯಲ್ಲಿ ಹತ್ತಿ ಹಾಸಿಗೆ ಹೊಲಿಯುವವನು. ಅವನ ಹಾಸಿಗೆಯ ಮೇಲೆ ಕೋರ್ಟಿಗೆ ಹೋದ ದಾಯಾದಿಗಳನ್ನು ಮಲಗಿಸಿದರೆ ಬೆಳಿಗ್ಗೆ ರಾಜಿಯಾಗಿ ಏಳುತ್ತಾರೆ, ಅಷ್ಟು ಮೆತ್ತಗೆ. ಪೇಟೆಯ ಈ ಮನೆತನಕ್ಕೂ ಯಲ್ಲದಕೆರೆಯ ಕುರಿಹಟ್ಟಿಗೂ ಅಜ್ಜಂದಿರ ಕಾಲದಿಂದ ಒಂದು ನಡಾವಳಿ. ಜಬೀವುಲ್ಲನ ಮನೆಯಲ್ಲಿ ಮದುವೆಯಾದರೆ ಮೊದಲ ಟಗರು ಉಗ್ರಪ್ಪನ ಮನೆಯದು. ಉಗ್ರಪ್ಪನ ಮನೆದೇವರಿಗೆ ಮರಿ ಒಪ್ಪಿಸಿದರೆ ಚೂರಿ ಹಿಡಿಯುವ ಕೈ ಜಬೀವುಲ್ಲನ ಮನೆಯದು. ಟಗರನ್ನು ದಾರಿಯಲ್ಲಿ, ಸಂತೆಯಲ್ಲಿ ಕೊಡುವ ಹಾಗಿಲ್ಲ. ಕೊಡುವವನು ತನ್ನ ಹೊಸ್ತಿಲ ಒಳಗೆ ನಿಂತು, ಟಗರಿನ ಹಣೆಗೆ ಅರಿಶಿನ ಹಚ್ಚಿ, ಹಗ್ಗವನ್ನು ಹೊಸ್ತಿಲಾಚೆ ನಿಂತವನ ಕೈಗೆ ದಾಟಿಸಬೇಕು. ಹಾಗೆ ದಾಟದಿದ್ದರೆ ಎರಡು ಮನೆಗಳ ನಂಟು ಅಲ್ಲಿಗೆ ಹರಿಯಿತೆಂದು ಲೆಕ್ಕ.

ಜಬೀವುಲ್ಲನ ಮಗಳು ಹುಮೇರಾಳ ಮದುವೆ ಭಾನುವಾರಕ್ಕೆ ಗೊತ್ತಾಯಿತು. ಫೋನು ಬಂತು.

“ಲೇ ಉಗ್ರ, ಟಗರು ಎಲ್ಲೈತೆ?”

“ಯಲ್ಲದಕೆರ್ಯಾಗೆ ಐತೆ. ಅಲ್ಲಿಗೇ ಹೋಗಾಣ. ನಮ್ಮಣ್ಣನ ಹೊಸ್ತಿಲ ಮ್ಯಾಲೆ ನಿಂತು ಕೊಟ್ಟುಬಿಡ್ತೀನಿ.”

“ನಿಮ್ಮಣ್ಣನ ಹೊಸ್ತಿಲು ನಿಮ್ಮಣ್ಣಂದು. ಕೊಡಾನು ನೀನು. ನಿನ್ನ ಹೊಸ್ತಿಲು ಎಲ್ಲೈತೋ ಅಲ್ಲಿಗೆ ಬರ್ತೀನಿ. ಮನೆಗೆ ಬರ್ತೀನಿ ಅಂದಾಗೆಲ್ಲ ಪೇಂಟಿಂಗ್ ನಡೀತೈತೆ ಅಂತೀಯ. ಎರಡು ವರ್ಷ ಆತು. ಕೋಟೆಗೇನಾದ್ರೂ ಬಣ್ಣ ಬಳೀತಿದೀಯೇನೋ? ಹೊಸ್ತಿಲಾದ್ರೂ ಇಡ್ಸಿದೀಯೋ ಇಲ್ವೋ?”

ಉಗ್ರಪ್ಪನ ಜಂಬಕ್ಕೆ ಪೆಟ್ಟು ಬಿತ್ತು. “ತೇಗದ ಹೊಸ್ತಿಲು ಕಣಲೇ! ಅರಮನೆಗೂ ಇಲ್ಲ ಅಂಥದ್ದು. ಶುಕ್ರವಾರ ಬೆಳಕರಿಯಾ ಹೊತ್ತಿಗೆ ಬಾ,” ಎಂದುಬಿಟ್ಟ.

ಯಲ್ಲಕ್ಕ ತಲೆ ಚಚ್ಚಿಕೊಂಡಳು. “ಅವನಿಗೆ ಒಂದು ಮಾತು ಹೇಳಾಕೆ ಏನು ಧಾಡಿ? ಜಬೀ, ಹಿಂಗಿಂಗೆ, ನಾವು ಇಲ್ಲಿ ಸೊಪ್ಪು ತಿನ್ನೋರಾಗಿದೀವಿ ಅಂತ?”

“ಅವನ ತಟ್ಟೇಲಿ ಉಂಡ ಬಾಯಾಗೆ ಹೆಂಗೆ ಹೇಳ್ಲೇ?”

“ಹಂಗಾರೆ ಈ ಮುರುಗಪ್ಪನೋರಿಗೆ ಹೇಳು.”

“ಇವ್ರಿಗೆ ಹೇಳಿದ್ರೆ ಆ ಹೊಳಲ್ಕೆರೆ ಹುಡುಗರ ಹಿಂದೆ ನಮ್ಮ ಮಂಚಾನೂ ಆಟೋ ಹತ್ತುತೈತೆ.”

ಅವಳು ಅರಿಶಿನ ಕಲಸಲು ತಟ್ಟೆ ತೊಳೆದಿಟ್ಟಳು.

ಶುಕ್ರವಾರದ ಹೊತ್ತನ್ನು ಉಗ್ರಪ್ಪ ಯುದ್ಧಕ್ಕೆ ಹೊರಟ ಪಾಳೇಗಾರನ ಹಾಗೆ ಆರಿಸಿದ್ದ. ಬೆಳಗಿನ ಜಾವ ಮುರುಗಪ್ಪ ಜೋಗಿಮಟ್ಟಿ ಕಡೆ ವಾಕಿಂಗ್ ಹೋಗುತ್ತಾರೆ. ವಾಚ್‌ಮನ್ ಹನುಮಂತಪ್ಪ ಹಾಲು ತರಲು ಹೋಗುತ್ತಾನೆ. ಆ ಸಂದಿಯಲ್ಲಿ ಜಬೀವುಲ್ಲಾ ಹೊಸ ಚಪ್ಪಲಿ ಮೆಟ್ಟಿ, ಅತ್ತರು ಹಚ್ಚಿ, ಮೇಲೆ ಬಂದು ಯಲ್ಲಕ್ಕನ ಜೊತೆ ಹೊಸ್ತಿಲ ಬಳಿ ನಿಂತಾಗಿತ್ತು. ಅಣ್ಣನ ಮಗ ಶಿವು ಗೂಡ್ಸ್ ಆಟೋದಲ್ಲಿ ಟಗರು ತಂದ. ಟಗರೇ ಅದು? ಪಾಳೇಗಾರರ ಕಾಲದಲ್ಲಿ ಹುಟ್ಟಿದ್ದರೆ ಶತ್ರುಗಳು ಫಿರಂಗಿ ತರುತ್ತಿರಲಿಲ್ಲ. ಇದನ್ನೇ ಕೋಟೆ ಬಾಗಿಲಿಗೆ ಬಿಡುತ್ತಿದ್ದರು. ಅದರ ಒಂದೊಂದು ಕೊಂಬಿನ ಸುತ್ತು ಎಣಿಸುವಷ್ಟರಲ್ಲಿ ಹಸಿವಾಗುತ್ತಿತ್ತು.

ಮೆಟ್ಟಿಲಿಗೆ ನುಣುಪಾದ ಗ್ರಾನೈಟು. ಟಗರಿನ ಗೊರಸು ಜಾರಿತು. ಎರಡು ಮೆಟ್ಟಿಲು ಹತ್ತಿ ಮೂರು ಇಳಿಯಿತು. “ಲಿಫ್ಟಾಗೆ ತಗಂಡು ಹೋಗ್ತೀನಿ, ನೀನೂ ಬಾ,” ಎಂದ ಉಗ್ರಪ್ಪ.

“ಆ ಪೆಟ್ಟಿಗ್ಯಾಗೆ ನಾನು ಬರಲ್ಲಪ್ಪ ಚಿಕ್ಕಪ್ಪ. ಮೇವಿನ ಚೀಲ ಹೊತ್ಕಂಡು ನಡ್ಕಂಡೇ ಬರ್ತೀನಿ,” ಎಂದು ಶಿವು ಮೆಟ್ಟಿಲ ಕಡೆ ಹೋದ.

ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಬೇಕು, ಒಂದು ಕೈ ಅಡ್ಡ ಬಂತು. ಮುರುಗಪ್ಪನವರ ಕೈ. ಜೋಗಿಮಟ್ಟಿ ದಾರಿಯಲ್ಲಿ ಚಿರತೆ ಹೆಜ್ಜೆ ಕಂಡಿದೆಯೆಂದು ಅರ್ಧಕ್ಕೇ ವಾಪಸಾಗಿದ್ದರು. ಮೊಬೈಲು ನೋಡುತ್ತಲೇ ಒಳಗೆ ಬಂದರು, ಗುಂಡಿ ಒತ್ತಿದರು, ಲಿಫ್ಟು ಏರಿತು. ಬೆನ್ನಿಗೆ ಬಿಸಿಯುಸಿರು ತಾಗಿದಾಗ ತಿರುಗಿ ನೋಡಿದರು.

ಅಷ್ಟರಲ್ಲಿ ಟಗರು ಕೂಡ ಒಂದು ಕಡೆ ತಿರುಗಿತ್ತು. ಲಿಫ್ಟಿನ ಹಿಂದಿನ ಗೋಡೆಗೆ ಆಳೆತ್ತರದ ಕನ್ನಡಿ. ಕನ್ನಡಿಯಲ್ಲಿ ಇಂಥದ್ದೇ ಇನ್ನೊಂದು ಟಗರು, ಕಣ್ಣಲ್ಲಿ ಕಣ್ಣಿಟ್ಟು ನಿಂತಿದೆ. ಎದುರಾಳಿ ಟಗರು ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಕುರಿಹಟ್ಟಿಯ ಕೂಸಿಗೂ ಗೊತ್ತು. ಉಗ್ರಪ್ಪನಿಗೆ ಅಪಾರ್ಟ್‌ಮೆಂಟಿನ ನೀರು ಕುಡಿದು ಮರೆತುಹೋಗಿತ್ತು. ಟಗರು ಎರಡು ಹೆಜ್ಜೆ ಹಿಂದೆ ಸರಿದು ಹಾಯಿತು. ಕನ್ನಡಿ ಪುಡಿಪುಡಿ. ಕಟ್ಟಡವೇ ನಡುಗಿ, ಜೋಗಿಮಟ್ಟಿಯ ನವಿಲುಗಳು ಎದ್ದು ಕೂಗಿದವು. ಲಿಫ್ಟು ಎರಡು ಮತ್ತು ಮೂರನೇ ಮಹಡಿಯ ನಡುವೆ ನಿಂತುಬಿಟ್ಟಿತು.

ಬಾಗಿಲಿನಲ್ಲಿ ಗೇಣಗಲದ ಗಾಜಿನ ಕಿಂಡಿ. ಅದರಲ್ಲಿ ಮೇಲಿನ ಮಹಡಿಯ ನೆಲ ಕಾಣುತ್ತಿತ್ತು. ನೆಲದ ಮೇಲೆ ಯಲ್ಲಕ್ಕನ ಕಾಲುಂಗುರದ ಬೆರಳುಗಳು, ಅವುಗಳ ಪಕ್ಕದಲ್ಲಿ ಜಬೀವುಲ್ಲನ ಹೊಸ ಚಪ್ಪಲಿ. ಇಲ್ಲಿ ಆಡಿದ ಪಿಸುಮಾತೂ ಅಲ್ಲಿಗೆ ಕೇಳುತ್ತದೆ.

“ಏನಿದು ಉಗ್ರಪ್ಪನವ್ರೆ?” ಗೋಡೆಗೆ ಅಂಟಿಕೊಂಡ ಮುರುಗಪ್ಪ ಕೇಳಿದರು.

“ಟಗರು, ಸಾರ್.”

“ಅದು ಕಾಣ್ತಿದೆ. ನಮ್ಮ ಲಿಫ್ಟಲ್ಲಿ ಯಾಕಿದೆ?”

ನಿಜ ನಾಲಿಗೆಯ ತುದಿಗೆ ಬಂದು ನಿಂತಿತು. ನನ್ನ ಗೆಳೆಯನ ಮಗಳ ಮದುವೆಗೆ, ಸಾರ್. ಇಷ್ಟೇ. ಆದರೆ ಅದರ ಹಿಂದೆಯೇ ಸಾಮಾನಿನ ಆಟೋ ಬಂದು ನಿಂತಿತು, ಯಲ್ಲಕ್ಕನ ಬೀರು ಹತ್ತಿತು, ಮಂಚ ಹತ್ತಿತು.

“ಬಿಡಿಸ್ಕಂಡು ಬಂದೆ ಸಾರ್,” ಎಂದ.

“ಎಲ್ಲಿಂದ?”

“ಕತ್ತಿ ಬಾಯಿಂದ! ಇನ್ನೇನು ಕಡೀಬೇಕು, ಇದರ ಕಣ್ಣಾಗೆ ನೀರು ನೋಡ್ದೆ. ಐವತ್ತು ಜನ ಕತ್ತಿ ಹಿಡ್ದು ನಿಂತಿದ್ರು ಸಾರ್. ನಾನೊಬ್ನೇ. ಮೊದಲು ನನ್ನ ಕಡೀರಿ, ಆಮ್ಯಾಲೆ ಇದನ್ನ ಅಂದೆ.”

“ಅಯ್ಯೋ ಶಿವನೇ! ಯಾರವರು? ಯಾಕೆ ಕಡೀತಿದ್ರು?”

“ಮದುವೆಗಂತೆ.”

“ಯಾರ ಮದುವೆ?”

ಉಗ್ರಪ್ಪ ಕಿಂಡಿಯತ್ತ ನೋಡಿದ. ಚಪ್ಪಲಿ ಹೊಸದಾದ್ದರಿಂದಲೋ ಏನೋ ಜಬೀವುಲ್ಲಾ ಅಷ್ಟು ಹೊತ್ತೂ ಕಾಲು ಬದಲಾಯಿಸುತ್ತಿದ್ದ.

“ಯಾರೋ ಸಾಬರದು ಸಾರ್. ನಂಗೆ ಗೊತ್ತಿರೋರಲ್ಲ.”

ಚಪ್ಪಲಿಗಳು ನಿಂತವು.

ಮುರುಗಪ್ಪನವರಿಗೆ ಮಾತೇ ಹೊರಡಲಿಲ್ಲ, ಬೆರಳು ಹೊರಟಿತು. ಅಲ್ಲಿಂದಲೇ ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮೆಕ್ಯಾನಿಕ್ ಬರುವಷ್ಟರಲ್ಲಿ ಮಲಗಿದವರು, ಮುಖ ತೊಳೆಯದವರು, ಹಾಸಿಗೆ ಬಿಟ್ಟು ಏಳದೆ ವರ್ಷಗಳಾದ ಮುದುಕರು, ಎಲ್ಲರೂ ಮೂರನೇ ಮಹಡಿಯಲ್ಲಿ ಸೇರಿದರು. ಬಾಗಿಲು ತೆರೆದದ್ದೇ ತಡ, ಮುರುಗಪ್ಪನವರ ಹೆಂಡತಿ ಯಲ್ಲಕ್ಕನ ಕೈಯಿಂದ ತಟ್ಟೆ ತೆಗೆದುಕೊಂಡು ಟಗರಿನ ಹಣೆಗೆ ತಾನೇ ಅರಿಶಿನ ಹಚ್ಚಿದಳು. ಚಪ್ಪಾಳೆಯ ಸದ್ದಿನ ನಡುವೆ ಜನ ಉಗ್ರಪ್ಪನನ್ನೂ ಟಗರನ್ನೂ ಹೊಸ್ತಿಲ ಒಳಗೆ ನೂಕಿದರು.

ಈಗ ಉಗ್ರಪ್ಪ ಹೊಸ್ತಿಲೊಳಗೆ, ಕೈಯಲ್ಲಿ ಹಗ್ಗ. ಜಬೀವುಲ್ಲಾ ಹೊಸ್ತಿಲಾಚೆ. ಅರಿಶಿನ ಹಚ್ಚಿದ ಕೈಯೊಂದನ್ನು ಬಿಟ್ಟರೆ ನಡಾವಳಿಯ ಪ್ರಕಾರ ಎಲ್ಲವೂ ಸರಿಯಾಗಿತ್ತು. ಕೈ ಮುಂದೆ ಚಾಚುವುದೊಂದೇ ಬಾಕಿ.

“ನೀವ್ಯಾರು? ಒಳಗೆ ಹೇಗೆ ಬಂದ್ರಿ?” ಮುರುಗಪ್ಪ ಜಬೀವುಲ್ಲನನ್ನು ಕೇಳಿದರು.

ಎಲ್ಲರೂ ತಿರುಗಿ ನೋಡಿದರು. ಯಲ್ಲಕ್ಕ ಗಂಡನ ಮುಖ ನೋಡಿದಳು. ಎಡೆಬಿಡದೆ ಹರಿದಿದ್ದ ಉಗ್ರಪ್ಪನ ಮಾರಿಕಣಿವೆ ಆ ಕ್ಷಣಕ್ಕೆ ಬತ್ತಿತು.

ಜಬೀವುಲ್ಲಾ ಅವನ ಮಾತಿಗಾಗಿ ಕಾದ. ಆಮೇಲೆ ಮುರುಗಪ್ಪನವರ ಕಡೆ ತಿರುಗಿದ.

“ಹಾಸಿಗೆಯೋನು ಸಾರ್. ಅಳತೆ ತಗಳಾಕೆ ಬಂದಿದ್ದೆ. ಈ ಮನ್ಯಾಗೆ ಇನ್ನೂ ಪೇಂಟಿಂಗ್ ಮುಗ್ದಿಲ್ಲ ಅಂತ ಕಾಣ್ತೈತೆ. ಬರ್ತೀನ್ರಿ.”

ಮೆಟ್ಟಿಲು ಇಳಿಯುವಾಗ, ಹಾಲು ತಂದ ಹನುಮಂತಪ್ಪ ಅಷ್ಟು ಹೊತ್ತು ಕೆಳಗೇ ತಡೆದು ನಿಲ್ಲಿಸಿದ್ದ ಶಿವು ಮೇವಿನ ಚೀಲ ಹೊತ್ತು ಎದುರಾದ. “ಜಬೀ ಕಾಕಾ, ಬರಿಗೈಯಾಗೆ ಹೊಂಟ್ರಲ್ಲ? ಟಗರು?”

“ಅದಕ್ಕೆ ಮನೆ ಸಿಕ್ತಪ್ಪ,” ಎನ್ನುವುದು ಮೇಲಿನವರೆಗೂ ಕೇಳಿಸಿತು.

ಟಗರು ಬಾಲ್ಕನಿಯಲ್ಲಿ ಸಂಸಾರ ಹೂಡಿತು. ಕಟ್ಟಡದವರೆಲ್ಲ ಸರದಿಯಂತೆ ಕ್ಯಾರೆಟ್ಟು, ಬಾಳೆಹಣ್ಣು, ಗೋಡಂಬಿ ತಂದು ಸುರಿದರು. ಶನಿವಾರದ ಹೊತ್ತಿಗೆ ಅದು ಸೊಪ್ಪು ಮೂಸುವುದನ್ನೇ ಬಿಟ್ಟಿತು. ಉಗ್ರಪ್ಪ ಮಾಡಿದ ಫೋನು ಜಬೀವುಲ್ಲಾ ಎತ್ತಲಿಲ್ಲ. ಸಂತೆಯಿಂದ ಟಗರು ಕೊಂಡು ತಂದರಂತೆ, ಆ ಮನೆಯ ಮದುವೆಗೆ ಇದೇ ಮೊದಲು, ಎಂದು ಯಲ್ಲಕ್ಕ ಯಾರಿಂದಲೋ ತಿಳಿದು ಬಂದು ಹೇಳಿದಳು.

“ನಾಳೆ ಮದುವೆಗೆ ಹೋಗಿ ಅವನ ಕಾಲು ಹಿಡೀತೀನಿ ಕಣೇ,” ಎಂದ ಉಗ್ರಪ್ಪ.

ಆದರೆ ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಇಳಿದರೆ, ಪಾರ್ಕಿಂಗ್ ಜಾಗದಲ್ಲಿ ಶಾಮಿಯಾನ. ಹೊಸದುರ್ಗದಿಂದ, ಹಿರಿಯೂರಿನಿಂದ ಪ್ರಾಣಿದಯೆಯವರು ಬಂದು ಕೂತಿದ್ದಾರೆ. ಟಗರಿಗೆ ಜರತಾರಿ ಶಾಲು. ಮುರುಗಪ್ಪ ಓಡಿ ಬಂದು ಕೈ ಹಿಡಿದು ವೇದಿಕೆಗೆ ಎಳೆದುಕೊಂಡು ಹೋದರು. ಕುರ್ಚಿ ಮುಂದೆ ಮೈಕು, ಹಿಂದೆ ಗೋಡೆ, ಎಡಕ್ಕೆ ಟಗರು, ಬಲಕ್ಕೆ ಮುರುಗಪ್ಪ.

ಯಲ್ಲಕ್ಕ ರೇಷ್ಮೆ ಸೀರೆಯುಟ್ಟು ಜನರ ನಡುವಿನಿಂದಲೇ ಗೇಟಿನ ಕಡೆ ನಡೆದಳು.

“ಎಲ್ಲಿಗೆ ತಾಯಿ, ಯಜಮಾನರ ಸನ್ಮಾನ ಬಿಟ್ಟು?” ಮುರುಗಪ್ಪ ಮೈಕಿನಲ್ಲೇ ಕೇಳಿದರು.

“ಸಾಬರ ಮದುವೆಗೆ. ಬಿರಿಯಾನಿ ತಿನ್ನಾಕೆ,” ಎಂದಳು ಯಲ್ಲಕ್ಕ, ನಿಂತು, ಎಲ್ಲರಿಗೂ ಕೇಳುವಂತೆ.

ಶಾಮಿಯಾನವೇ ಹಾರಿಹೋಗುವಂಥ ನಗು. ಮುರುಗಪ್ಪನವರಿಗೆ ಕೆಮ್ಮು ಬಂತು. ಯಲ್ಲಕ್ಕ ನಗಲಿಲ್ಲ, ಗಂಡನ ಕಡೆ ಒಮ್ಮೆ ನೋಡಿ ಆಟೋ ಹತ್ತಿದಳು.

ಉಗ್ರಪ್ಪ ಎದ್ದು ಮೈಕು ಕಸಿದುಕೊಂಡ. “ಆಯಮ್ಮ ಹೇಳಿದ್ದು ನಿಜ,” ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. “ನಾನು ಕುರಿ ತಿಂದೇ ಬೆಳೆದೋನು. ಈ ಟಗರು ನನ್ನ ಗೆಳೆಯ ಜಬೀವುಲ್ಲನ ಮಗಳ ಮದುವೇದು. ನಾನೇ ತರಿಸಿದ್ದು. ಯಾರೂ ಕತ್ತಿ ಎತ್ತಿರ್ಲಿಲ್ಲ.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿರಿಯೂರಿನಿಂದ ಬಂದ ಮುದುಕರೊಬ್ಬರು ಕುರ್ಚಿಯಿಂದ ಜಾರಿದರು. “ನೋಡಿದ್ರಾ? ಗಂಡ ಹೆಂಡತಿ ಇಬ್ರದೂ ಒಂದೇ ತಮಾಷೆ!” ಎಂದು ಮುರುಗಪ್ಪ ಕಣ್ಣೊರೆಸಿಕೊಂಡರು. “ಆಯ್ತು, ನಗಿಸಿದ್ದು ಸಾಕು ಉಗ್ರಪ್ಪನವ್ರೆ. ಆವತ್ತಿನ ಕಥೆ ಹೇಳಿ. ದೂರದಿಂದ ಬಂದಿದ್ದಾರೆ, ಪಾಪ.”

“ನಿಜ ಕಣ್ರಿ,” ಎಂದ ಉಗ್ರಪ್ಪ. ಇನ್ನೊಂದು ನಗು ಎದ್ದಿತು, ಮೊದಲಿಗಿಂತ ದೊಡ್ಡದು.

ರಸ್ತೆಯಲ್ಲಿ ಯಲ್ಲಕ್ಕನ ಆಟೋ ತಿರುವು ದಾಟಿ ಆಗಿತ್ತು. ನಿಕಾಹ್ ಹೊತ್ತು ಹತ್ತಿರವಾಗುತ್ತಿತ್ತು. ಎದುರಿಗಿದ್ದ ಮುಖಗಳೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದವು. ವೇದಿಕೆ ಇಳಿಯಲು ಇದ್ದ ಒಂದೇ ಮೆಟ್ಟಿಲ ಮೇಲೆ ಹಾರ ಹಿಡಿದವರು ಸಾಲಾಗಿ ನಿಂತಿದ್ದರು.

“ಎಷ್ಟು ಜನ ಇದ್ರು ಸಾರ್ ಕತ್ತಿ ಹಿಡ್ದು?” ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಉಗ್ರಪ್ಪ ಮೈಕಿನ ಕಡೆ ಬಾಗಿದ.

“ಐನೂರು,” ಎಂದ.