ಒಂದು ತೋಳಿನ ಅಂಗಿ

ಮಂಗಳವಾರ ಮಧ್ಯಾಹ್ನ ನಾನು ಒಬ್ಬ ಮನುಷ್ಯನ ಮೇಲೆ ಫೋನ್ ಮಾಡಿ ದೂರು ಹೇಳಿದೆ. ಗುರುವಾರ ಬೆಳಿಗ್ಗೆ ಅದೇ ಮನುಷ್ಯನ ಮಾತಿನಿಂದ ನನ್ನ ತಂಗಿ ಬದುಕಿದಳು. ಮಧ್ಯೆ ಇದ್ದದ್ದು ಒಂದೇ ಒಂದು ಬುಧವಾರ. ಆ ಬುಧವಾರ ನಾನು ಮಾಡಿದ ಘನಕಾರ್ಯ ಏನು ಅಂತಲೂ ಹೇಳ್ತೀನಿ, ಮುಚ್ಚಿಡೋದಿಲ್ಲ.

ನಾನು ಟೈಲರ್. ಮನೆಯ ಹಾಲ್‌ನಲ್ಲೇ ಮೆಷಿನ್, ಬಟ್ಟೆ ಕತ್ತರಿಸೋ ಮೇಜು, ಇಸ್ತ್ರಿ ಎಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಗಿರಾಕಿಗಳು ಹೇಳ್ತಾರೆ. ಹೊಲಿಗೆ ಚೆನ್ನಾಗಿದೆ ಅಂತ ಸಹಿಸ್ಕೊಂಡಿದ್ದಾರೆ, ಅಷ್ಟೆ. ನನ್ನ ಜೊತೆ ಇರೋದು ತಂಗಿ ಒಬ್ಬಳೇ. ಅವಳು ಬಸ್ ಕಂಡಕ್ಟರ್. ದಿನವಿಡೀ "ರೈಟ್, ರೈಟ್" ಅಂತ ಕೂಗಿ ಕೂಗಿ, ಅವಳ ರೂಟಿನವರೆಲ್ಲ ಅವಳನ್ನ ರೈಟಕ್ಕ ಅಂತಲೇ ಕರೀತಾರೆ. ಆ ವಾರ ಅವಳು ಜ್ವರ ಬಂದು ಮಲಗಿದ್ದಳು. ನನಗೆ ಒಂದು ಶಾಲೆಯ ನಲವತ್ತು ಅಂಗಿ ಶುಕ್ರವಾರದೊಳಗೆ ಮುಗಿಸಬೇಕಿತ್ತು. ಇಂಥ ಹೊತ್ತಲ್ಲೇ ಅಡುಗೆಮನೆಯ ಗ್ಯಾಸ್ ಒಲೆ ಕೈಕೊಟ್ಟಿತು. ಉರಿ ಹಳದಿ, ಪಾತ್ರೆ ತಳವೆಲ್ಲ ಮಸಿ.

ಒಲೆ ಅಂಗಡಿಗೆ ಫೋನ್ ಮಾಡಿದೆ. ಅವರು ಕಳಿಸಿದ್ದು ಉರಿ ಮೇಷ್ಟ್ರನ್ನ. ಅವರೇನೂ ಪಾಠ ಹೇಳೋ ಮೇಷ್ಟ್ರಲ್ಲ, ಒಲೆ ರಿಪೇರಿ ಮಾಡೋರು. ಆದರೆ ಸ್ಪ್ಯಾನರ್ ಕೈಗೆ ಬಂದ ತಕ್ಷಣ ಬಾಯಿಯೂ ತೆರೆದುಕೊಳ್ಳುತ್ತೆ, ಅದಕ್ಕೇ ಬೀದಿಯವರು ಆ ಹೆಸರಿಟ್ಟಿದ್ದು. ಬರ್ನರ್ ಬಿಚ್ಚಿ, ಗಾಳಿ ಒಳಗೆ ಹೋಗೋ ತೂತಿನಿಂದ ಒಂದು ಮುದ್ದೆ ನೀಲಿ ಜುಂಗು ಎಳೆದು ನನ್ನ ಮೂಗಿನ ಮುಂದೆ ಹಿಡಿದರು.

"ನೋಡಿಮ್ಮಾ, ನಿಮ್ಮ ನೂಲಿನ ಧೂಳೇ ನಿಮ್ಮ ಒಲೆ ಉಸಿರು ಕಟ್ಟಿಸಿದೆ."

"ಆಯ್ತು, ಸರಿ ಮಾಡಿ," ಅಂದು ನಾನು ಮೆಷಿನ್‌ಗೆ ವಾಪಸ್ ಬಂದೆ. ಅವರು ಬಿಡಬೇಕಲ್ಲ! ಅಲ್ಲಿಂದಲೇ ಶುರು ಮಾಡಿದರು.

"ಟೈಲರಮ್ಮ, ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ. ಗ್ಯಾಸ್‌ನಲ್ಲಿ ಇಂಗಾಲ ಅಂತ ಒಂದಿದೆ. ಅದನ್ನ ಅಂಗಿ ಅಂದ್ಕೊಳ್ಳಿ. ಗಾಳಿಯಲ್ಲಿರೋ ಆಮ್ಲಜನಕ ಅದರ ತೋಳು. ಗಾಳಿ ಸಾಕಷ್ಟಿದ್ರೆ ಒಂದೊಂದು ಅಂಗಿಗೂ ಎರಡೆರಡು ತೋಳು ಸಿಗುತ್ತೆ, ಹೊಲಿಗೆ ಪೂರ್ತಿ, ಉರಿ ನೀಲಿ. ಗಾಳಿ ಸಾಲದೇ ಹೋದ್ರೆ ಒಂದೇ ತೋಳು. ಒಂದು ತೋಳೂ ಸಿಗದೆ ಉಳಿದದ್ದೇ ಈ ಮಸಿ. ಅದು ಕೆಂಪಗೆ ಕಾದು ಹೊಳೆಯೋದಕ್ಕೇ ಉರಿ ಹಳದಿ ಕಾಣೋದು. ಮಸಿ ಕಣ್ಣಿಗಾದರೂ ಕಾಣುತ್ತೆ, ತಿಕ್ಕಿದರೆ ಹೋಗುತ್ತೆ. ಆದರೆ ಆ ಒಂದು ತೋಳಿನ ಅಂಗಿ ಇದೆ ನೋಡಿ, ಅದು ವಿಷಗಾಳಿ, ಮಹಾ ಅಪಾಯ. ಕಾಣಲ್ಲ, ವಾಸನೆ ಇಲ್ಲ."

"ಗ್ಯಾಸ್ ವಾಸನೆ ನನಗೆ ಗೊತ್ತಿಲ್ವಾ?" ಅಂದೆ.

"ಅಯ್ಯೋ, ಅದು ಗ್ಯಾಸಿನ ಸ್ವಂತ ವಾಸನೆಯಲ್ಲಮ್ಮ. ಸೋರಿದ್ರೆ ಗೊತ್ತಾಗಲಿ ಅಂತ ಪುಣ್ಯಾತ್ಮರು ಬೆರೆಸಿ ಕಳಿಸ್ತಾರೆ. ಒಂದು ತೋಳಿನದಕ್ಕೆ ಬೆರೆಸೋರು ಯಾರೂ ಇಲ್ಲ. ಉರಿಯ ಬಣ್ಣವೇ ನಮಗೆ ಗುರುತು. ಹಳದಿ ಆದರೆ ಉರಿಗೆ ಉಸಿರು ಕಟ್ಟಿದೆ ಅಂತ. ಉರಿಗೆ ಉಸಿರು ಕಟ್ಟಿದ ಜಾಗದಲ್ಲಿ ನೀವೂ ನಿಲ್ಲಬೇಡಿ."

ನನ್ನ ತಲೆಯಲ್ಲಿ ನಲವತ್ತು ಅಂಗಿ, ಎಂಬತ್ತು ತೋಳು. ಇವರು ಬೇರೆ ತೋಳು ಹಂಚ್ತಾ ಕೂತಿದ್ದಾರೆ! ಹೊರಡುವಾಗ ಬಾತ್‌ರೂಮಿನ ಬಾಗಿಲಲ್ಲಿ ನಿಂತು, ಒಳಗಿನ ಗ್ಯಾಸ್ ಗೀಸರ್ ನೋಡಿ, ಕೈ ಮೇಲೆತ್ತಿ ಇನ್ನೂ ಏನೋ ಹೇಳತೊಡಗಿದರು. ನನಗೆ ರೇಗಿಹೋಯಿತು. ಬೇಕಂತಲೇ ಮೆಷಿನ್ ಜೋರಾಗಿ ತುಳಿದೆ. ಟಕಟಕ ಸದ್ದಿನಲ್ಲಿ ಅವರ ಬಾಯಿ ಆಡೋದು ಮಾತ್ರ ಕಾಣಿಸ್ತಿತ್ತು. ಅವರು ಆಚೆ ಹೋದದ್ದೇ ತಡ, ಅಂಗಡಿ ಯಜಮಾನರಿಗೆ ಫೋನ್ ಹಚ್ಚಿದೆ. "ಕೆಲಸ ಹತ್ತು ನಿಮಿಷ, ಭಾಷಣ ಮುಕ್ಕಾಲು ಗಂಟೆ. ಇಂಥವರನ್ನ ಯಾಕೆ ಕಳಿಸ್ತೀರಿ?" ಅಂತ ಬಾಯಿಗೆ ಬಂದದ್ದೆಲ್ಲ ಅಂದೆ.

ಇನ್ನು ಬುಧವಾರ. ತಂಗಿಗೆ ಜ್ವರ ಬಿಟ್ಟಿತು. "ಅಕ್ಕಾ, ನಾಳೆ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಡ್ಯೂಟಿಗೆ ಹೋಗ್ತೀನಿ," ಅಂದಳು. ಬಾತ್‌ರೂಮಿನ ಗೋಡೆಯ ಮೇಲ್ಗಡೆ ಒಂದು ಗಾಳಿಕಿಂಡಿ ಇದೆ, ಅದರಿಂದ ಸುಯ್ಯಂತ ಚಳಿಗಾಳಿ. ಈಗಷ್ಟೇ ಎದ್ದ ಹುಡುಗಿ, ಮತ್ತೆ ಮಲಗಿದರೆ ಗತಿ ಏನು? ಟೇಪ್ ತಗೊಂಡು ಸ್ಟೂಲ್ ಹತ್ತಿ ಕಿಂಡಿಯ ಅಳತೆ ತೆಗೆದೆ. ತುಂಡುಬಟ್ಟೆ ಒತ್ತಿ ಒತ್ತಿ ತುಂಬಿ ಒಂದು ದಿಂಬು ಹೊಲಿದೆ. ಅಂಚಿನ ಸುತ್ತ ಪೈಪಿಂಗ್ ಪಟ್ಟಿ ಬೇರೆ! ತೂರಿಸಿದರೆ ಕೂದಲೆಳೆಯಷ್ಟೂ ಸಂದು ಬಿಡದೆ ಕೂತಿತು. ಎಷ್ಟು ಬೀಗಿದೆ ಅಂದರೆ, ಅವಳನ್ನ ಕರೆದು ತೋರಿಸೋಣ ಅನ್ನಿಸಿತ್ತು. ಅವಳು ನಿದ್ದೆ ಮಾಡ್ತಿದ್ದಳು, ಬಿಟ್ಟೆ.

ಗುರುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಳು, ನಾನು ಮೆಷಿನ್ ಮುಂದೆ ಕೂತೆ. ನನ್ನ ಮೆಷಿನ್ ಎದುರಿಗೇ ಬಾತ್‌ರೂಮಿನ ಬಾಗಿಲು. ಅದರ ಮೇಲರ್ಧ ಮಬ್ಬು ಗಾಜು. ಗೀಸರ್ ಉರೀತಿದ್ದರೆ ಗಾಜಿನ ಮೂಲೆಯಲ್ಲಿ ತೆಳು ನೀಲಿ ಬೆಳಕು ಬೀಳುತ್ತೆ, ದಿನಾ ನೋಡೋದೇ. ಒಂದು ಕಾಲರ್ ಮುಗಿಸಿ, ನೂಲು ಕತ್ತರಿಸಿ ತಲೆ ಎತ್ತಿದೆ. ಗಾಜಿನ ಮೇಲೆ ಹಳದಿ ಬೆಳಕು.

ಉರಿಗೆ ಉಸಿರು ಕಟ್ಟಿದ ಜಾಗದಲ್ಲಿ ನೀವೂ ನಿಲ್ಲಬೇಡಿ.

"ಏಯ್, ಬಾಗಿಲು ತೆಗಿಯೇ!" ಅಂತ ಕೂಗಿದೆ, ಗುದ್ದಿದೆ. ನೀರು ಬೀಳೋ ಸದ್ದು ಬಿಟ್ಟರೆ ಉತ್ತರ ಇಲ್ಲ. ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆ ತಗೊಂಡು ಗಾಜಿಗೆ ಬೀಸಿದೆ. ಕೈ ತೂರಿಸಿ ಚಿಲಕ ತೆಗೆದೆ. ಗೋಡೆಗೊರಗಿ ಕುಸಿದಿದ್ದಳು, ತಲೆ ಎದೆಗೆ ಜೋತುಬಿದ್ದಿತ್ತು. ಗೀಸರ್ ಆರಿಸಿ, ಕಂಕುಳಿಗೆ ಕೈ ಕೊಟ್ಟು, ದರದರ ಎಳೆದು ಬಾಲ್ಕನಿಗೆ ತಂದು ಮಲಗಿಸಿದೆ. ಮೈಮೇಲೆ ಕೈಗೆ ಸಿಕ್ಕ ಹೊಲಿಗೆ ಬಟ್ಟೆ ಎಲ್ಲಾ ಎಳೆದುಹಾಕಿದೆ. ಆಂಬುಲೆನ್ಸ್ ಬರೋವರೆಗೂ ನಾನು ಏನೇನು ಕಿರುಚಿದೆನೋ ನನಗೇ ಗೊತ್ತಿಲ್ಲ.

"ಇನ್ನು ಐದು ನಿಮಿಷ ತಡ ಆಗಿದ್ದರೆ ಕಷ್ಟ ಇತ್ತು," ಅಂದರು ಡಾಕ್ಟರು. ಮೂರನೇ ದಿನ ತಂಗಿ ಮನೆಗೆ ಬಂದಳು. "ನೀನೇ ನನ್ನ ಉಳಿಸಿದ್ದು ಅಕ್ಕಾ," ಅಂತ ನನ್ನ ಕೈ ಹಿಡಿದುಕೊಂಡಾಗ ನಾನು ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಆ ದಿಂಬನ್ನ ಕಿಂಡಿಯಿಂದ ಕಿತ್ತು ಬೀರುವಿನ ಹಿಂದೆ ಬಚ್ಚಿಟ್ಟಿದ್ದೆ.

ಅವತ್ತೇ ಒಲೆ ಅಂಗಡಿಗೆ ಓಡಿದೆ. ಉರಿ ಮೇಷ್ಟ್ರು ಹಿಂದಿನ ಕೋಣೆಯಲ್ಲಿ ಹಳೇ ಬರ್ನರ್ ತಿಕ್ಕುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. ಯಜಮಾನರು ಹೇಳಿದರು, "ನಿಮ್ಮದು ಮೂರನೇ ದೂರು ಅಮ್ಮ. ಈ ತಿಂಗಳು ಮುಗಿದ ಮೇಲೆ ಕೆಲಸಕ್ಕೆ ಬರಬೇಡ ಅಂತ ಅವನಿಗೆ ಹೇಳಿಬಿಟ್ಟಿದ್ದೀನಿ."

"ನನ್ನ ದೂರು ನಾನು ವಾಪಸ್ ತಗೋತೀನಿ."

"ಅದೇನು ಅಂಗಿ ಬಟ್ಟೆನಾ, ವಾಪಸ್ ತಗೊಳ್ಳೋಕೆ?"

ನಡೆದದ್ದು ಹೇಳಹೊರಟೆ. ಗೀಸರನ್ನ ಬಾತ್‌ರೂಮಿನಿಂದ ಆಚೆ ಹಾಕಿಸಬೇಕು ಅನ್ನೋದರೊಳಗೆ ಅಳು ಬಂತು. ನನ್ನಂಥವಳು ಅತ್ತದ್ದು ನೋಡಿ ಅವರಿಗೂ ಏನೋ ಗಾಬರಿ ಆಯಿತು. "ಆಯ್ತಮ್ಮ, ಗೀಸರ್ ಆಚೆ ಗೋಡೆಗೆ ಹಾಕಿಕೊಡೋಕೆ ಅವನನ್ನೇ ಕಳಿಸ್ತೀನಿ. ಬಾಯಿ ಬಿಡದೆ ಕೆಲಸ ಮಾಡಿ ಬಂದರೆ ಇಟ್ಕೊಳ್ಳೋಣ," ಅಂದರು.

ಸೋಮವಾರ ಮೇಷ್ಟ್ರು ಬಂದರು. ಬಾಯಿಗೆ ಬೀಗ. ಗೀಸರ್ ಬಿಚ್ಚಿದರು, ಪೈಪು ಎಳೆದರು, ಬಾಲ್ಕನಿಯ ಗೋಡೆಗೆ ತೂತು ಕೊರೆದರು. ಒಂದು ಮಾತಿಲ್ಲ. ನನಗೆ ತಡೆಯೋಕಾಗಲಿಲ್ಲ.

"ಮೇಷ್ಟ್ರೇ, ದೂರು ಹೇಳಿದ್ದು ನಾನೇ."

"ಗೊತ್ತಮ್ಮ. ಅವತ್ತು ನಿಮ್ಮ ಮೆಷಿನ್ ಸದ್ದು ಕೇಳಿದಾಗಲೇ ಗೊತ್ತಾಯ್ತು," ಅಂದರು, ಮುಖದಲ್ಲಿ ಕೋಪ ಇರಲಿಲ್ಲ.

ತಂಗಿ ಎದ್ದು ಬಂದು ಅವರೆದುರು ಸ್ಟೂಲ್ ಹಾಕ್ಕೊಂಡು ಕೂತಳು. "ಗೀಸರ್ ಉರಿ ಹಳದಿ ಆಗಿ ನಾನು ಬಾತ್‌ರೂಮಲ್ಲಿ ಎಚ್ಚರ ತಪ್ಪಿ ಬಿದ್ದಿದ್ದೆ. ನನಗೇನಾಯ್ತು ಹೇಳಿ. ಡಾಕ್ಟರ್ ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ."

ಅವರು ನನ್ನ ಮುಖ ನೋಡಿದರು. ನಾನು ಮೆಷಿನ್ ಬಿಟ್ಟು ಬಂದು ತಂಗಿ ಪಕ್ಕ ನೆಲದ ಮೇಲೆ ಕೂತೆ. "ಹೇಳಿ ಮೇಷ್ಟ್ರೇ. ಎಷ್ಟು ಹೊತ್ತಾದರೂ ಆಗಲಿ."

"ನೀವು ಕಂಡಕ್ಟರ್ ಅಲ್ವಾ? ರಕ್ತದೊಳಗೂ ಬಸ್ಸು ಓಡುತ್ತೆ," ಅಂತ ಶುರು ಮಾಡಿದರು. ಕಣ್ಣು ಮಿನುಗಿತು. "ಉಸಿರು ಎಳೆದಾಗ ಆಮ್ಲಜನಕ ಹತ್ತುತ್ತೆ, ತನ್ನ ಸ್ಟಾಪ್ ಬಂದಾಗ ಇಳಿಯುತ್ತೆ. ಆ ಒಂದು ತೋಳಿನದು ಹತ್ತಿತು ಅಂದ್ಕೊಳ್ಳಿ. ಸೀಟು ಹಿಡಿದು ಕೂತರೆ ಸ್ಟಾಪ್ ಬಂದರೂ ಏಳಲ್ಲ. ಆಮ್ಲಜನಕಕ್ಕೆ ಜಾಗವೇ ಇಲ್ಲ. ಬಸ್ಸು ಓಡ್ತಾನೇ ಇರುತ್ತೆ, ತಲುಪಬೇಕಾದವರು ಯಾರೂ ತಲುಪಲ್ಲ."

"ಅಂಥವರನ್ನ ನಾನು ದಿನಾ ನೋಡ್ತೀನಿ!" ಅಂದಳು ತಂಗಿ. "ಮತ್ತೆ ಇಳಿಸೋದು ಹೇಗೆ?"

"ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿ ಬರೀ ಆಮ್ಲಜನಕ ಕೊಟ್ಟರಲ್ಲ? ಅದು ಚೆಕಿಂಗ್‌ನವರು ಗುಂಪಾಗಿ ಹತ್ತಿದ ಹಾಗೆ. ನೂಕಿ ನೂಕಿ ಇಳಿಸಿಬಿಡುತ್ತೆ."

ತಂಗಿ ಜ್ವರ ಬಂದಮೇಲೆ ಮೊದಲ ಸಲ ಬಾಯ್ತುಂಬ ನಕ್ಕಳು. ನನ್ನ ಕಣ್ಣಲ್ಲಿ ನೀರು ಬಂತು. ಈ ನಗು ಇನ್ನೂ ಈ ಮನೆಯಲ್ಲಿ ಇದೆಯಲ್ಲ, ಅದಕ್ಕೆ ಈ ಮನುಷ್ಯನಿಗೆ ಏನು ಕೊಟ್ಟರೂ ಸಾಲದು ಅನ್ನಿಸಿತು.

"ಮೇಷ್ಟ್ರೇ, ಅವತ್ತು ಹೋಗುವಾಗ ಕೈ ಎತ್ತಿ ಏನೋ ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ. ಏನದು?"

"ಏನಿಲ್ಲ," ಅಂದರು, ಮೊದಲಿನ ಹಾಗೇ ಕೈ ಎತ್ತಿ ತೋರಿಸುತ್ತಾ. "ಎಷ್ಟೇ ಚಳಿ ಇದ್ದರೂ ಆ ಗಾಳಿಕಿಂಡಿ ಮಾತ್ರ ಮುಚ್ಚಬೇಡಿ ಅಂದೆ."

ನಾನು ಎದ್ದು ಹೋಗಿ ಬೀರುವಿನ ಹಿಂದಿನಿಂದ ದಿಂಬು ತಂದೆ. ಇಬ್ಬರ ಮುಂದೆಯೂ ಇಟ್ಟೆ. ತಂಗಿ ಅದನ್ನ ನೋಡಿದಳು, ಕಿಂಡಿ ನೋಡಿದಳು, ನನ್ನ ನೋಡಿದಳು. ಮೆಲ್ಲಗೆ ಅದನ್ನ ಎತ್ತಿ ಪೈಪಿಂಗ್ ಸವರಿದಳು. "ನನಗೆ ಚಳಿ ಆಗುತ್ತೆ ಅಂತ ಇಷ್ಟೆಲ್ಲ ಹೊಲಿದೆಯಾ ಅಕ್ಕಾ? ಕಂಡಕ್ಟರ್ ಸೀಟು ಗಟ್ಟಿ, ಇದು ಅಲ್ಲಿಗಿರಲಿ," ಅಂದು ತೊಡೆ ಮೇಲಿಟ್ಟುಕೊಂಡಳು. ನಾನು ಅವಳ ಭುಜಕ್ಕೆ ತಲೆಯಿಟ್ಟು ಗೊಳೋ ಅಂತ ಅತ್ತೆ.

ಆಗಲೇ ಫೋನ್ ಬಂತು. ಅಂಗಡಿ ಯಜಮಾನರು. "ಎರಡು ಗಂಟೆ ಆಯ್ತಲ್ಲಮ್ಮ, ಇನ್ನೂ ಬಂದಿಲ್ಲ. ಭಾಷಣ ಶುರು ಮಾಡಿದನಾ?"

ಮೇಷ್ಟ್ರ ಮುಖ ಬಾಡಿತು, ಸ್ಪ್ಯಾನರ್ ಚೀಲಕ್ಕೆ ಹಾಕತೊಡಗಿದರು.

"ಮಾಡಿದ್ದಾರೆ. ನಾನೇ ಮಾಡಿಸಿದ್ದು," ಅಂದೆ. "ಒಲೆ ರಿಪೇರಿ ಮಾಡೋರು ಎಲ್ಲಾದರೂ ಸಿಗ್ತಾರೆ ಯಜಮಾನರೇ. ನನ್ನ ತಂಗಿ ಉಳಿದಿದ್ದು ಇವರು ಬಾಯಿ ಬಿಟ್ಟಿದ್ದಕ್ಕೆ, ಅವಳ ಜೀವ ಹೋಗ್ತಿದ್ದದ್ದು ನಾನು ಅರ್ಧ ಕೇಳಿದ್ದಕ್ಕೆ." ಆ ಮಂಗಳವಾರದಿಂದ ನಡೆದದ್ದನ್ನ, ದಿಂಬಿನ ಸಮೇತ, ಒಂದೂ ಬಿಡದೆ ಹೇಳಿದೆ.

ಆ ಕಡೆಯಿಂದ ಮೆಲ್ಲಗೆ ಕೇಳಿಸಿತು, "ಅಮ್ಮ... ನಮ್ಮ ಮನೆ ಗೀಸರ್ರೂ ಬಾತ್‌ರೂಮ್ ಒಳಗೇ ಇದೆ. ಉರಿ ಯಾವ ಬಣ್ಣ ಇರಬೇಕಂತೆ?"

ನಾನು ಕಣ್ಣೊರೆಸಿಕೊಂಡು ಫೋನನ್ನ ಮೇಷ್ಟ್ರ ಕಡೆ ಚಾಚಿದೆ.

"ತಗೊಳ್ಳಿ ಮೇಷ್ಟ್ರೇ," ಅಂದೆ, "ಮೊದಲಿನಿಂದ ಹೇಳಿ."